ಯಮನಪ್ಪನ ಎದೆಯ ಜಿರ್ಕಾನ್

ಕೂದಲಿನ ಅಗಲದ ನೂರೈವತ್ತರಲ್ಲಿ ಒಂದು ಪಾಲಿನಷ್ಟು ಸಪೂರವಾದ ಅಯಾನುಗಳ ಕಿರಣ ಜಿರ್ಕಾನ್ ಎಂಬ ಖನಿಜದ ಕಣದ ಮೇಲೆ ಎರಗಿತು. ಕಿತ್ತುಬಂದ ಪರಮಾಣುಗಳನ್ನು ಯಂತ್ರ ತೂಗಿ ಬೇರ್ಪಡಿಸಿತು. ಯುರೇನಿಯಂ ಕಾಲಕ್ರಮದಲ್ಲಿ ಸೀಸವಾಗುತ್ತದೆ. ಎಷ್ಟು ಆಗಿದೆಯೆಂದು ಅಳೆದರೆ ಖನಿಜದ ವಯಸ್ಸು ತಿಳಿಯುತ್ತದೆ. ಹಿಂದಿನ ಯಂತ್ರಗಳಿಗೆ ಹತ್ತಾರು ಪಟ್ಟು ದೊಡ್ಡ ಕಣ ಬೇಕಿತ್ತು. ಈ ಸೂಕ್ಷ್ಮಶೋಧಕವನ್ನು ರೂಪಿಸಿದ ಡಾ. ನೀಲಾಂಬಿಕಾ ಪರದೆಯತ್ತ ಬಾಗಿದಳು: ಇನ್ನೂರ ಐವತ್ತೆರಡು ಕೋಟಿ ವರ್ಷ.

ಆ ಜಿರ್ಕಾನ್ ಕಣ ದೊರೆತದ್ದು ಬಂಡೆಯಲ್ಲಲ್ಲ, ತೀರಿಕೊಂಡ ಯಮನಪ್ಪನ ಶ್ವಾಸಕೋಶದಲ್ಲಿ. ಆ ಸೀಮೆಯಲ್ಲಿ ಅಷ್ಟೇ ವಯಸ್ಸಿನ ಕೆಂಪುಕಲ್ಲು ಇದ್ದದ್ದು ಒಂದೇ ಕ್ವಾರಿಯಲ್ಲಿ. ಆತ ನಮ್ಮಲ್ಲಿ ದುಡಿದೇ ಇಲ್ಲ, ಸತ್ತದ್ದು ಕಲ್ಲಿನ ಧೂಳಿನಿಂದಲ್ಲ, ಕ್ಷಯದಿಂದ ಎಂದು ಅದರ ಒಡೆಯರು ವಾದಿಸುತ್ತಿದ್ದರು. ಅದು ಸುಳ್ಳೆಂದು ಸಾಬೀತಾದರೆ, ಧೂಳು ಏಳದಂತೆ ನೀರು ಹರಿಸಿಯೇ ಕಲ್ಲು ಕೊರೆಯಬೇಕೆಂದು ನ್ಯಾಯಮಂಡಳಿ ಆದೇಶಿಸಲಿತ್ತು. ಯಮನಪ್ಪನ ಹೆಂಡತಿ ದುರಗವ್ವನ ತಮ್ಮ ಭರಮಪ್ಪ ಇನ್ನೂ ಅಲ್ಲೇ ಡ್ರಿಲ್ ಹಿಡಿಯುತ್ತಿದ್ದ. ಕೆಮ್ಮುತ್ತಲೂ ಇದ್ದ.

ವಿಚಾರಣೆಯ ದಿನ, ಸಾಕ್ಷಿ ಹೇಳಲು ನಿಂತ ನೀಲಾಂಬಿಕಾಳನ್ನು ಪ್ರಶ್ನಿಸಲು ಕ್ವಾರಿಯ ವಕೀಲರು ಮೆಲ್ಲಗೆ ಎದ್ದರು.

"ಪರೀಕ್ಷೆಯ ಕಣದ ಪಕ್ಕ, ವಯಸ್ಸು ಗೊತ್ತಿರುವ ಇನ್ನೊಂದು ಕಣ ಇಡುವುದು ನಿಮ್ಮ ಪದ್ಧತಿ, ಅಲ್ಲವೇ ಮೇಡಂ?"

"ಹೌದು. ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ತಾಳೆ ನೋಡಲು."

"ಆ ತಾಳೆಯ ಕಣ ಎಲ್ಲಿಯದು?"

ವಿದೇಶದಿಂದ ತರಿಸಿದ್ದ ಕಣಗಳು ಮುಗಿದಾಗ, ನೀಲಾಂಬಿಕಾ ನಮ್ಮ ನೆಲದ್ದೇ ಏಕಾಗಬಾರದೆಂದು ಹೆಮ್ಮೆಯಿಂದ ಕಲ್ಲು ಹುಡುಕಿದ್ದಳು. ಅಷ್ಟು ಏಕರೂಪದ ಜಿರ್ಕಾನ್ ಸಿಕ್ಕಿದ್ದು ಒಂದೇ ಕಡೆ.

"ಅದೇ ಕ್ವಾರಿಯದು."

"ಎರಡನ್ನೂ ಒಂದೇ ರಾಳದ ಬಿಲ್ಲೆಯಲ್ಲಿ ಕೂರಿಸಿ, ಒಟ್ಟಿಗೆ ಉಜ್ಜಿ ನಯಗೊಳಿಸಿದಿರಿ. ತಾಳೆಯ ಕಣದ ಚೂರು ಯಮನಪ್ಪನ ಕಣದತ್ತ ಸರಿದಿಲ್ಲವೆಂದು ಪ್ರಮಾಣ ಮಾಡುವಿರಾ?"

ಸರಿದಿಲ್ಲವೆಂದು ಆಕೆಗೆ ಗೊತ್ತಿತ್ತು. ಆದರೆ ಗೊತ್ತಿರುವುದೇ ಬೇರೆ, ತೋರಿಸಿಕೊಡುವುದೇ ಬೇರೆ ಎಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳಿದವಳೂ ಆಕೆಯೇ.

"ಇಲ್ಲ," ಎಂದಳು.

"ಹಾಗಾದರೆ ಮತ್ತೊಮ್ಮೆ ಪರೀಕ್ಷಿಸಿ," ಎಂದರು ನ್ಯಾಯಾಧೀಶರು.

"ಆಗದು ಸ್ವಾಮಿ. ಸಿಕ್ಕಿದ್ದು ಒಂದೇ ಕಣ. ಕಿರಣ ಅದನ್ನು ಸವೆಸಿಬಿಟ್ಟಿದೆ."

ದುರಗವ್ವನ ಅರ್ಜಿ ವಜಾ ಆಯಿತು.

ನೀಲಾಂಬಿಕಾ ಹೊರಗೆ ಬಂದಾಗ ಚಹದಂಗಡಿಯ ಬೆಂಚಿನ ಮೇಲೆ ಅಕ್ಕ-ತಮ್ಮ ಕುಳಿತಿದ್ದರು.

"ಒಂದ ಕಣಕ್ಕ ಯಾಕ ಇಷ್ಟ ತಲಿ ಕೆಡಿಸ್ಕೋತೀರಿ ಅಕ್ಕಾರ?" ಎಂದು ಆಕೆಯನ್ನು ಕೇಳಿದ ಭರಮಪ್ಪ. "ನನ್ನ ಎದ್ಯಾಗ ಒಂದ ಕ್ವಾರಿನ ಐತಿ. ಬೇಕಾದಷ್ಟ ತಗೋರಿ." ನಗಲು ಹೋಗಿ ಕೆಮ್ಮು ಬಂದು ಬಾಗಿದ.

"ಡಾಕ್ಟರನ್ನು ಕೇಳಿದ್ದೆ, ಭರಮಪ್ಪ," ಎಂದಳು ನೀಲಾಂಬಿಕಾ. " ಸೂಜಿ ಚುಚ್ಚಿದರೆ ನಿಮ್ಮ ಶ್ವಾಸಕೋಶ ತಡೆಯುವುದಿಲ್ಲವಂತೆ."

"ಹಂಗಾರ ಇಂವ ಸತ್ತಮ್ಯಾಲ ತೆಗೀತೀರಿ," ಎಂದಳು ದುರಗವ್ವ, ತಮ್ಮನ ಬೆನ್ನು ನೀವುತ್ತ. "ನೀರ ಬಿಟ್ಟ ಕೊರದ್ರ ಧೂಳ ಏಳೂದಿಲ್ಲ ಅಂತ ನಮ್ಮಪ್ಪನ ಕಾಲದಾಗ ಎಲ್ಲಾರಿಗೂ ಗೊತ್ತಿತ್ರಿ. ಆಗ ಒಂದ ಪೈಪ್ ಎಳದಿದ್ರ ಸಾಕಿತ್ತು. ಈಗ ಅದಕ್ಕ ಹೆಣದ ಸಾಕ್ಷಿ ಬೇಕೇನ್ರಿ?"



ಮರುದಿನ ಪ್ರಯೋಗಾಲಯದಲ್ಲಿ ನೀಲಾಂಬಿಕಾ ವಿದೇಶಿ ತಾಳೆಕಣಕ್ಕೆ ಬೇಡಿಕೆಪತ್ರ ಬರೆದಳು. ಬರಲು ಎಂಟು ತಿಂಗಳು. ಅಷ್ಟರೊಳಗೆ ಭರಮಪ್ಪ ಹೋಗಿಬಿಟ್ಟರೆ ಆತನ ಶ್ವಾಸಕೋಶದ ಮಾದರಿ ಕೆಡದಂತೆ ಇಡುವುದು ಹೇಗೆಂದು ಮನಸ್ಸು ಆಗಲೇ ಯೋಜಿಸುತ್ತಿತ್ತು. ಅದು ಅರಿವಿಗೆ ಬಂದು ಪೆನ್ನು ಕೆಳಗಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಎತ್ತಿಕೊಂಡು ಸಹಿ ಹಾಕಿದಳು.