ಶಾಲೆಯ ಸ್ಟೋವಿನಲ್ಲಿ ವಿಮಾನದ ಉರಿ

ಬೆಂಕಿಗೆ ಮೂಗುದಾರ ಹಾಕಬಲ್ಲೆನೆಂದು ಹೇಳಿಕೊಂಡ ಮನುಷ್ಯನೊಬ್ಬ ಒಂದಾನೊಂದು ಊರಿನಲ್ಲಿದ್ದನಂತೆ. ಊರು ಬೆಟಗೇರಿ. ಕಾಲ, ಕನ್ನಡ ಸೀಮೆಗಳೆಲ್ಲ ಒಂದಾದ 1956ರ ನವೆಂಬರ್.

ಒಂದನೆಯ ತಾರೀಖು ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ದೂರು ಬಂತು. ಏಕೀಕರಣದ ಸಂಭ್ರಮಕ್ಕೆ ಶಾಲೆಯ ಅಂಗಳದಲ್ಲಿ ಉಪ್ಪಿಟ್ಟು ಮಾಡುವಾಗ ಪಂಪಿನ ಸ್ಟೋವ್ ಭಗ್ಗೆಂದು ಹೊತ್ತಿ, ಕೈಜೋಡಿಸಲು ಬಂದಿದ್ದ ಅಮೃತವ್ವನ ಎರಡೂ ಕೈ ಸುಟ್ಟಿದ್ದವು. ಅಡಿಗೆಯ ಕಳಕವ್ವನ ಅಜಾಗರೂಕತೆಯೇ ಕಾರಣವೆಂದು ಹೆಡ್‌ಮಾಸ್ತರರು ಬರೆದುಕೊಟ್ಟಿದ್ದರು. ಫೌಜದಾರ ಪ್ರಹ್ಲಾದರು ಎಫ್‌ಐಆರ್‌ನಲ್ಲಿ ಅವಳ ಹೆಸರನ್ನೇ ಬರೆಸಿ, ಪೇಟೆಯ ನಡುವೆ ಅವಳನ್ನು ನಡೆಸಿಕೊಂಡು ಠಾಣೆಗೆ ಕರೆತಂದರು.

"ಗಾಳಿ ಹೆಚ್ಚು ಹೊಡದಿ?"

"ಇಲ್ರಿ ಸಾಹೇಬ್ರ. ದಿನಾ ಹೊಡಿಯೂವಷ್ಟ."

"ಮತ್ತ ಯಾಕ ಹೊತ್ತಿತು?"

"ಅದನ್ನ ನೀವ ಹುಡುಕ್ರಿ. ಅಮೃತವ್ವ ನನ್ನ ಮಾರಿ ಸುದ್ದಾ ನೋಡವಲ್ಲಳು."

ಮಧ್ಯಾಹ್ನ ಎರಡಕ್ಕೆ ಪಂಚನಾಮೆ. ಹವಾಲ್ದಾರ ಹುಲಗಪ್ಪ ಸ್ಟೋವಿನ ಟಾಕಿಯಲ್ಲಿ ಉಳಿದ ಎಣ್ಣೆಯನ್ನು ಮೂಸಿ, ಮೋಟಾರಿನ ವಾಸನೆ ಎಂದ. ಬಿಸಿಲ ಕಲ್ಲಿನ ಮೇಲೆ ಅದರದೊಂದು ಹನಿ, ಕಿರಾಣಿ ಅಂಗಡಿಯಿಂದ ತರಿಸಿದ ಸೀಮೆಎಣ್ಣೆಯದೊಂದು ಹನಿ ಹಾಕಿದ. ಅಂಗಡಿಯ ಎಣ್ಣೆ ಜಿಡ್ಡಾಗಿ ಉಳಿಯಿತು. ಸ್ಟೋವಿನದು ನೋಡುನೋಡುತ್ತ ಮುಕ್ಕಾಲು ಪಾಲು ಆರಿತು.

ಹಿಂದಿನ ದಿನ ಸ್ಟೋವನ್ನು ರಿಪೇರಿ ಮಾಡಿ, ಎಣ್ಣೆಯನ್ನೂ ತುಂಬಿಕೊಟ್ಟವನು ಮಾರ್ತಾಂಡ. ಬೆಂಗಳೂರಿನಲ್ಲಿ ಜೆಟ್ ಎಂಜಿನ್ನಿನ ಮಿಸ್ತ್ರಿಯಾಗಿದ್ದೆನೆಂದು ಅಂಗಡಿಯ ಮುಂದೆ ಬೋರ್ಡು ಬರೆಸಿದ್ದ. ಬರ್ನರ್ ಮಸಿ ಕಾರುತ್ತದೆಂದು ಕಳಕವ್ವ ಎರಡು ಸಲ ಸ್ಟೋವ್ ವಾಪಸು ಒಯ್ದಿದ್ದಳು. ವಿಮಾನ ಹಾರಿಸಿದಾಂವಗ ಉಪ್ಪಿಟ್ಟು ಬೇಯಿಸಾಕ ಬರೂದಿಲ್ಲೇನೋ ಎಂದು ಹೆಂಗಸರೆದುರು ನಕ್ಕಿದ್ದಳು ಕೂಡ.

ಪ್ರಹ್ಲಾದರು ಅವಳನ್ನು ಮನೆಗೆ ಕಳಿಸುತ್ತ ಹೇಳಿದರು: "ನಿನ್ನ ತಪ್ಪಿಲ್ಲಂತ ಗೊತ್ತಾದ್ರ, ಆ ಅಂಗಳದಾಗ ಎಲ್ಲಾರ ಮುಂದ ನಾನ ಓದಿ ಹೇಳತೀನಿ."

ಆರನೆಯ ತಾರೀಖು ಬೆಳಿಗ್ಗೆ ಎಂಟಕ್ಕೆ ಮಾರ್ತಾಂಡನ ಅಂಗಡಿಯ ಝಡತಿ; ಮೂಲೆಮೂಲೆ ಶೋಧಿಸಿದರು. ಬೆಂಚಿನ ಕೆಳಗೆ ಪೆಟ್ರೋಲಿನ ಡಬ್ಬಿ ಸಿಕ್ಕಿತು.

"ಯಾಕ ಬೆರಿಸಿದಿ?" ಪ್ರಹ್ಲಾದರು ಕೇಳಿದರು.

"ಜೆಟ್ಟಿನ ಬರ್ನರಿನ್ಯಾಗ ತೆಳ್ಳನ ಎಣ್ಣಿ ಜಲ್ದಿ ಆವಿ ಆಗತೈತ್ರಿ, ಜಲ್ದಿ ಹತ್ತತೈತಿ. ದಪ್ಪ ಎಣ್ಣಿ ಹನಿ ಪೂರಾ ಸುಡೂದಿಲ್ಲ, ಮಸಿ ಕೂಡತೈತಿ. ಎಂಜಿನಿಯರ್ರು ಮಾತಾಡೂದು ಕೇಳೀನಿ."

"ವಿಮಾನದಾಗ ಟಾಕಿ ಉರಿಯಿಂದ ಎಷ್ಟು ದೂರ ಇರತೈತಿ?"

ಮಾರ್ತಾಂಡ ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದ. ಸ್ಟೋವಿನ ಟಾಕಿ ಉರಿಯ ಕೆಳಗೇ ಇರುತ್ತದೆ. ಅದು ಕಾದಂತೆ ಪೆಟ್ರೋಲ್ ಒಳಗೇ ಆವಿಯಾಗಿ, ಒತ್ತಡ ಏರಿ, ಉರಿ ಹೊರಗೆ ಹಾರಿತ್ತು.

"ನಾ ಮಿಸ್ತ್ರಿ ಅಲ್ರಿ," ಎಂದ ಕೊನೆಗೆ. "ಶೆಡ್ಡಿನ್ಯಾಗ ಕಸಾ ಹೊಡಿತಿದ್ನಿ."

ಒಂಬತ್ತೂಕಾಲಿಗೆ ದಸ್ತಗಿರಿ. ಮಾರ್ತಾಂಡ ಯಾರಿಗೂ ಕೇಡು ಬಯಸಿದವನಲ್ಲ. ಒಂದು ದಿನ ನೀಲಿ ಉರಿ ತೋರಿಸಿದರೆ ಹೆಂಗಸರ ನಗು ನಿಲ್ಲುತ್ತದೆ ಎಂದುಕೊಂಡಿದ್ದ. ಹಿಂದಿನ ಓಣಿಯಿಂದ ಕರೆದೊಯ್ಯಿರೆಂದು ಅವನು ಕೇಳಿಕೊಂಡಾಗ ಪ್ರಹ್ಲಾದರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಹನ್ನೊಂದಕ್ಕೆ ಶಾಲೆಯ ಅಂಗಳದಲ್ಲಿ ಅವರು ವರದಿ ಓದಿದರು. ಕಾಗದದಿಂದ ತಲೆ ಎತ್ತಲಿಲ್ಲ. ಮುಗಿದ ಮೇಲೆ ಅದರಲ್ಲಿಲ್ಲದ್ದನ್ನು ಹೇಳಿದರು: "ಪ್ಯಾಟ್ಯಾಗ ಅಕೀನ್ನ ನಡಿಸಿಕೊಂಡು ಹೋದಾಂವ ನಾನು. ಆ ತಪ್ಪು ನಂದು."

ಹೆಡ್‌ಮಾಸ್ತರರು ನೆಲ ನೋಡುತ್ತಿದ್ದರು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಅಮೃತವ್ವ ಎದ್ದು ಬಂದು ಕಳಕವ್ವನ ಪಕ್ಕದಲ್ಲಿ ಕುಳಿತಳು.

"ಆತ್ರಿ ಸಾಹೇಬ್ರ," ಎಂದಳು ಕಳಕವ್ವ.