ಹೊಸ ಕಾರಿಗೊಂದು ನೆಗ್ಗು

ಕಾರಿನ ಬೆಲೆಯ ಜೊತೆಗೆ ಇನ್ನೊಂದು ಮೊತ್ತವಿತ್ತು. ಅದರ ಹೆಸರು ಮಾರುಕಟ್ಟೆ ಹೊಂದಾಣಿಕೆ. ಯಾರು ಯಾರ ಜೊತೆ ಹೊಂದಿಕೊಳ್ಳಬೇಕು ಎಂದು ಅವನು ಕೇಳಿದ್ದಕ್ಕೆ ಶೋರೂಮಿನ ಸೇಲ್ಸ್‌ನವಳು ಚೆಂದವಾಗಿ ನಕ್ಕು, "ನೀವು ನಮ್ ಜೊತೆ, ಸರ್," ಎಂದಿದ್ದಳು.

ವಿಷಯ ಸರಳವಾಗಿತ್ತು. ಆ ಕಾರನ್ನು ಕೇಳುವವರು ಹೆಚ್ಚು, ಬರುವ ಗಾಡಿಗಳು ಕಡಿಮೆ. ಹಾಗಾಗಿ ಕಂಪನಿ ಹೇಳಿದ ಬೆಲೆಯ ಮೇಲೆ ಡೀಲರು ತನಗೆ ತೋಚಿದಷ್ಟು ಸೇರಿಸಿಕೊಳ್ಳುತ್ತಾನೆ. ಅದರ ಮೇಲೆ ಬಣ್ಣ ಕಾಯುವ ವಿಶೇಷ ಲೇಪನ ಬೇರೆ, ಬೇಡವೆಂದರೂ ಬಿಡುವ ಹಾಗಿಲ್ಲ. ಆ ಲೇಪನವೆಂದರೆ ಮೇಣ ಎಂದು ಅವನಿಗೆ ಗೊತ್ತಿತ್ತು. ಗ್ಯಾರೇಜಿನಲ್ಲಿ ಅವನು ಅದನ್ನು ಹಳೆ ಬನಿಯನ್‌ ತುಂಡಿನಿಂದ ತಿಕ್ಕುತ್ತಿದ್ದ.

ಅವನ ಕೆಲಸ ಕಾರುಗಳ ನೆಗ್ಗು ತೆಗೆಯುವುದು. ಬಣ್ಣ ಕೆರೆಯದೆ, ಪುಟ್ಟಿ ಮೆತ್ತದೆ, ಕಿಟಕಿಯ ಗಾಜಿನ ಸಂದಿಯಲ್ಲಿ ಒಂದು ಕಂಬಿ ಇಳಿಸಿ, ತಗಡಿನ ಬೆನ್ನು ಹುಡುಕಿ, ಮೆತ್ತಗೆ ಒತ್ತುತ್ತಿದ್ದ. ಒಂದೆರಡು ಸಲ ಒತ್ತಿದರೆ ತನಗೆ ಪೆಟ್ಟು ಬಿದ್ದಿತ್ತೆನ್ನುವುದು ಕಾರಿಗೇ ಮರೆತುಹೋಗುತ್ತಿತ್ತು. ಗ್ಯಾರೇಜಿನವರು ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಿದ್ದರು. ಇಪ್ಪತ್ತು ವರ್ಷ ಊರವರ ಕಾರುಗಳಿಗೆ ಇಸ್ತ್ರಿ ಹಾಕಿದ ಮನುಷ್ಯ ಓಡಾಡುತ್ತಿದ್ದುದು ಮೂರು ಸತ್ತ ಕಾರುಗಳಿಂದ ತಾನೇ ಜೋಡಿಸಿದ ಒಂದು ಗಾಡಿಯಲ್ಲಿ. ಬಲಕ್ಕೆ ತಿರುಗಿದರೆ ಅದರ ಎಡಬಾಗಿಲು ತೆರೆದುಕೊಳ್ಳುತ್ತಿತ್ತು. ಹೆಂಡತಿ ಹದಿನಾಲ್ಕು ವರ್ಷದಿಂದ ಆ ಬಾಗಿಲನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಸಂಸಾರ ಮಾಡಿದ್ದಳು.

ಅವಳು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಕಾಲಲ್ಲಿ ತುಳಿಯುವ ಹಳೇ ಮಿಷನ್. ಮಂಡಿ ಸವೆದಿದೆ, ಇನ್ನು ತುಳಿಯಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಮೋಟಾರಿನ ಕಸೂತಿ ಮಿಷನ್‌ಗೆಂದು ಹಣ ಕೂಡಿಸುತ್ತಾ ಬಂದಿದ್ದಳು. ಹೊಂದಾಣಿಕೆ ಮೊತ್ತ ಕೇಳಿದ ಸಂಜೆ ಇಬ್ಬರೂ ಲೆಕ್ಕ ಹಾಕಿದರು. ಅದು ಆ ಮಿಷನ್ನನ್ನು ಪೂರ್ತಿಯಾಗಿ ನುಂಗಿ, ಮೇಲೆ ನೀರು ಕುಡಿದಂತಿತ್ತು.

"ಹೋಗ್ಲಿ ಬಿಡಿ," ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತಾ. "ಮೊದ್ಲು ಬಾಗ್ಲು ಮುಚ್ಚೋ ಕಾರು ಬರ್ಲಿ. ನನ್ ಮಂಡಿ ಏನು ಓಡ್ಹೋಗುತ್ತಾ?"

ಆ ಮಾತು ಅವನಿಗೆ ಚುಚ್ಚಿತು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ.

ಚೌಕಾಸಿ ಅವನಿಗೆ ಬಾರದ ವಿದ್ಯೆ. ಅವಳ ಅಕ್ಕನ ಗಂಡ, ಅಂದರೆ ಅವನ ಷಡ್ಡಕ, ಶೋರೂಮಿಗೆ ಹೋದರೆ ಮ್ಯಾನೇಜರೇ ಎದ್ದು ನಿಲ್ಲುತ್ತಾನಂತೆ. ಹಾಗೆಂದು ಷಡ್ಡಕನೇ ಹೇಳುತ್ತಿದ್ದ. ಇವನೋ ತರಕಾರಿಯವನು ಹೇಳಿದ ಬೆಲೆಗೆ ಹತ್ತು ಸೇರಿಸಿ ಕೊಡುವ ಜಾತಿ. ಕಡಿಮೆ ಕೇಳಿದರೆ ತರಕಾರಿಯವನಿಗೆ ಬೇಜಾರಾದೀತೆಂಬ ಭಯ. ಒಂದು ಕಾಲದಲ್ಲಿ ಸಂಜೆ ಕಾಲೇಜಿಗೆ ಹೋಗಿ ವಾಣಿಜ್ಯ ಓದಿದ್ದ. ಮಾತುಕತೆಯಲ್ಲಿ ಮೌನವೇ ದೊಡ್ಡ ಆಯುಧ, ಎದುರಿನವರು ತಾವಾಗಿಯೇ ಇಳಿಯುತ್ತಾರೆ ಎಂದು ಅಲ್ಲಿನ ಮೇಷ್ಟ್ರು ಹೇಳಿಕೊಟ್ಟಿದ್ದರು. ಮೊದಲ ಭೇಟಿಯಲ್ಲಿ ಅವನು ಆ ಆಯುಧವನ್ನು ಪ್ರಯೋಗಿಸಿದ. ಬಾಯಿ ಬಿಗಿದು ಕೂತ. ಸೇಲ್ಸ್‌ನವಳು ಅದನ್ನು ಒಪ್ಪಿಗೆ ಎಂದು ತಿಳಿದು, ಲೇಪನದ ಜೊತೆಗೆ ಕಾಲುಹಾಸಿನ ದೊಡ್ಡ ಸೆಟ್ಟನ್ನೂ ಸೇರಿಸಿದಳು.

ಅಪರಾಧದ ಯೋಚನೆ ಹುಟ್ಟಿದ್ದು ಹಲ್ಲುಜ್ಜುವಾಗ. ಹೊಸ ಕಾರಿನಲ್ಲಿ ಒಂದು ನೆಗ್ಗಿದ್ದರೆ? ಹೊಂದಾಣಿಕೆ ಮೊತ್ತ ಕೊಟ್ಟು ಯಾರೂ ಅದನ್ನು ಕೊಳ್ಳುವುದಿಲ್ಲ. ರಿಪೇರಿ ಮಾಡಿಸಿದರೆ ಗಿರಾಕಿಗೆ ಹೇಳಬೇಕು, ಹೇಳಿದರೆ ಗಿರಾಕಿ ಓಡುತ್ತಾನೆ. ಆಗ ಒಬ್ಬ ಸಾಧು ಮನುಷ್ಯ ಮುಂದೆ ಬಂದು, ಪರವಾಗಿಲ್ಲ, ಕಂಪನಿ ಬೆಲೆಗೆ ಕೊಟ್ಟರೆ ನಾನೇ ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ. ಕಾರನ್ನು ಮನೆಗೆ ತಂದು, ಕಾಫಿ ಆರುವುದರೊಳಗೆ ನೆಗ್ಗನ್ನು ತೆಗೆದುಬಿಡುತ್ತಾನೆ. ಬಾಯಿಯ ನೊರೆ ಉಗುಳುವುದನ್ನೂ ಮರೆತು ಅವನು ಕನ್ನಡಿ ನೋಡಿದ. ಅಲ್ಲಿ ಒಬ್ಬ ಮಹಾ ಖದೀಮ ಅವನನ್ನು ನೋಡುತ್ತಿದ್ದ. ನೊರೆ ಗಲ್ಲಕ್ಕಿಳಿದಿತ್ತು.

ಅವನು ತನ್ನ ಆತ್ಮಸಾಕ್ಷಿಯನ್ನು ಕೂರಿಸಿಕೊಂಡು ಒಂದು ವಾರ ಒಪ್ಪಿಸಿದ. ಕಾರಿಗೆ ಶಾಶ್ವತ ನಷ್ಟವಿಲ್ಲ. ಡೀಲರಿಗೆ ಕಂಪನಿ ಬೆಲೆ ಪೂರ್ತಿ ಸಿಗುತ್ತದೆ. ಸಾಯುವುದು ಹೊಂದಾಣಿಕೆ ಮೊತ್ತ ಒಂದೇ, ಅದಕ್ಕೆ ಹೆಂಡತಿ ಮಕ್ಕಳಿಲ್ಲ. ಆತ್ಮಸಾಕ್ಷಿ ಕೊನೆಗೆ ಒಂದು ಷರತ್ತು ಹಾಕಿತು: ಬಣ್ಣಕ್ಕೆ ಒಂದು ಕೂದಲೆಳೆಯಷ್ಟೂ ಗೀರು ಬೀಳಬಾರದು. ಅವನು ತಕ್ಷಣ ಒಪ್ಪಿದ. ಹೊಸ ಬಣ್ಣಕ್ಕೆ ಗೀರು ಹಾಕುವುದು ಅವನ ಕೈಯಲ್ಲಿ ಆಗುವ ಕೆಲಸವೂ ಆಗಿರಲಿಲ್ಲ.

ಹಾಗಾಗಿ ಹೊರಗಿನಿಂದ ಗುದ್ದುವ ಮಾತೇ ಇರಲಿಲ್ಲ. ಗುದ್ದಿದರೆ ಸದ್ದು, ಚಾವಣಿಯಲ್ಲಿ ಕ್ಯಾಮೆರಾ. ಅವನ ಉಪಾಯ ಅದಕ್ಕಿಂತ ಬಲು ನಾಜೂಕಿನದು. ಸ್ಟೀರಿಂಗ್ ಮುಂದೆ ಗಿರಾಕಿಯಂತೆ ಕೂರುವುದು. ಗಾಜು ಇಳಿಸಿ, ಗಾಳಿಗೆ ಕೂತವನಂತೆ ಮೊಣಕೈಯನ್ನು ಕಿಟಕಿಯ ಮೇಲಿಡುವುದು. ಕೈಯ ಮರೆಯಲ್ಲಿ ಸಂದಿಗೆ ಕಂಬಿ ಇಳಿಸುವುದು. ಮುಂದಿನದನ್ನು ಕೈ ನೋಡಿಕೊಳ್ಳುತ್ತದೆ. ತಗಡಿನ ವಿಷಯದಲ್ಲಿ ಅವನು ತಲೆಗಿಂತ ಕೈಯನ್ನೇ ಹೆಚ್ಚು ನಂಬಿದ್ದ.

ತೋಳುದ್ದದ ಕಂಬಿಯನ್ನು ಒಯ್ಯಲು ಪ್ಯಾಂಟಿನ ಬಲಜೇಬಿನ ತಳ ಕತ್ತರಿಸಿದ. ಎಳೆ ಬಿಚ್ಚಿಕೊಂಡರೆ ಹೆಂಡತಿಗೆ ಮತ್ತೆ ಕೆಲಸವೆಂದು ಅಂಚನ್ನು ತಾನೇ ಮಡಚಿ ಹೊಲಿದ. ಹಿಡಿ ಜೇಬಿನ ಬಾಯಿಗೆ ಸಿಕ್ಕಿಕೊಂಡು, ಕಂಬಿ ತೊಡೆಯುದ್ದಕ್ಕೂ ಇಳಿದು ಮೀನಖಂಡ ಮುಟ್ಟುತ್ತಿತ್ತು. ಮೇಲೆ ಸಡಿಲ ಅಂಗಿ. ಮಂಡಿ ಮಡಚಲಾಗದ್ದಕ್ಕೆ ಮಂಡಿನೋವು ಎಂಬ ಕಾರಣ. ಮನೆಯಲ್ಲಿ ಹೇಗೂ ಒಂದು ಜೊತೆ ಅಸಲಿ ಮಂಡಿನೋವು ಇದ್ದುದರಿಂದ ನಡಿಗೆಯನ್ನು ನೋಡಿ ಕಲಿತ.

ಗ್ಯಾರೇಜಿನ ಹಿಂದೆ ಬಿದ್ದಿದ್ದ ಗುಜರಿ ಬಾಗಿಲೊಂದರ ಮೇಲೆ ಅಭ್ಯಾಸವನ್ನೂ ಮಾಡಿದ. ಆ ಬಾಗಿಲ ತುಂಬ ಮೊದಲೇ ನೆಗ್ಗುಗಳಿದ್ದುದರಿಂದ ತಾನು ಮಾಡಿದ್ದು ಯಾವುದೆಂದು ಗುರುತು ಸಿಗಲಿಲ್ಲ. ಮೂರು ದಿನದ ಅಭ್ಯಾಸದ ನಂತರ ಬಾಗಿಲು ಮೊದಲಿಗಿಂತ ಚೆನ್ನಾಗಿ ಕಾಣತೊಡಗಿತು. ಇದನ್ನು ಅವನು ಶುಭಸೂಚನೆ ಎಂದುಕೊಂಡ.

ಆಮೇಲೆ ಮುಖಭಾವ. ನೆಗ್ಗನ್ನು ಕಂಡಾಗ ಆಗುವ ಆಶ್ಚರ್ಯವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದಾಗ ಹೆಂಡತಿ ಇಣುಕಿದಳು.

"ಏನ್ರೀ, ಹಲ್ಲುನೋವಾ?"

"ಇಲ್ಲ."

"ಮತ್ತೆ ಗ್ಯಾಸಾ?"

ಶೋರೂಮಿಗೆ ಹೊರಡುವ ಮುಂಚೆ ಅವನು ಅವಳಿಗೆ ಒಂದು ಎಚ್ಚರಿಕೆ ಹೇಳಿದ. "ನನ್ ಕೆಲಸದ ವಿಷ್ಯ ಅಲ್ಲಿ ಎತ್ತಬೇಡ."

"ಯಾಕೆ, ನಾಚ್ಕೆನಾ?"

"ಗ್ಯಾರೇಜಿನವನು ಅಂದ್ರೆ ಬೆಲೆ ಇಳಿಸಲ್ಲ."

"ಹೇಳ್ದೆ ಇದ್ದಾಗ್ಲೂ ಇಳಿಸ್ಲಿಲ್ವಲ್ರೀ."

ಶೋರೂಮಿನ ನೆಲ ಎಷ್ಟು ನುಣುಪಾಗಿತ್ತೆಂದರೆ ಚಪ್ಪಲಿ ಕಿರ್ರೆನ್ನುತ್ತಿತ್ತು. ಅವನು ಕಾಲು ಎಳೆಯುತ್ತಾ ನಡೆದ. ಸೇಲ್ಸ್‌ನವಳು ಓಡಿಬಂದು ಕುರ್ಚಿ ಸರಿಸಿದಳು.

"ಕೂತ್ಕೊಳ್ಳಿ ಸರ್, ಏನಾಯ್ತು ಕಾಲಿಗೆ?"

"ಮಂಡಿ ಮೇಡಂ, ಮಡಚಕ್ಕಾಗಲ್ಲ. ನಿಂತಿದ್ರೇ ಆರಾಮ."

ಹೆಂಡತಿ ಅವನ ಕಡೆ ನೋಡಿದಳು. ನಿನ್ನೆಯವರೆಗೆ ಆ ಮಂಡಿನೋವು ಅವಳದಾಗಿತ್ತು. ಆದರೆ ಸರಿಸಿದ ಕುರ್ಚಿಯಲ್ಲಿ ತಾನೇ ಕೂತಳು. ಗಂಡ ಚೌಕಾಸಿಯ ಯಾವುದೋ ಪಟ್ಟು ಹಾಕುತ್ತಿದ್ದಾನೆ ಎಂದುಕೊಂಡಿರಬೇಕು.

ಅವರಿಗೆ ಬೇಕಾದ ಬೂದು ಬಣ್ಣದ ಕಾರು ಒಂದೇ ಉಳಿದಿತ್ತು. ಮುಂದಿನ ಗಾಡಿಗಳಿಗೆ ತಿಂಗಳುಗಟ್ಟಲೆ ಕಾಯಬೇಕು. ಹೆಂಡತಿ ಸೀಟಿನ ಬಟ್ಟೆಗಳ ನಮೂನೆ ನೋಡಲು ಸೇಲ್ಸ್‌ನವಳ ಜೊತೆ ಆಚೆ ಹೋದಳು. ಹೊಲಿಗೆಯವಳಿಗೆ ಬಟ್ಟೆ ತೋರಿಸಿದರೆ ಅರ್ಧ ಗಂಟೆ ಮಾಯ ಎಂಬುದೂ ಉಪಾಯದ ಒಂದು ಭಾಗ. ಹಾಡು ಕೇಳಿ ನೋಡುತ್ತೇನೆಂದು ಅವನು ಕೀಲಿ ಇಸಿದುಕೊಂಡಿದ್ದ. ಬಾಗಿಲ ಮರೆಯಲ್ಲಿ ಕಂಬಿಯನ್ನು ಮೇಲಕ್ಕೆಳೆದು, ಮಂಡಿ ಮಡಚಿ, ಒಳಗೆ ಕೂತ. ಹೊಸ ಕಾರಿನ ವಾಸನೆಗೆ ಒಂದು ಕ್ಷಣ ಅಳು ಬರುವಂತಾಯಿತು. ಗಾಜು ಇಳಿಯಿತು. ಮೊಣಕೈ ಕಿಟಕಿಯ ಮೇಲೆ ಕೂತಿತು. ಕಂಬಿ ಸಂದಿಗೆ ಇಳಿಯಿತು, ತುದಿ ತಗಡಿನ ಬೆನ್ನನ್ನು ಮುಟ್ಟಿತು. ಮೆತ್ತಗೆ ಒಂದು ಸಲ, ಇನ್ನಷ್ಟು ಮೆತ್ತಗೆ ಇನ್ನೊಂದು ಸಲ ಒತ್ತಿದ. ತಗಡು ಬಾಗಿದ್ದು ಬೆರಳಿಗೆ ತಿಳಿಯಿತು. ಕಂಬಿಯನ್ನು ಜೇಬಿಗಿಳಿಸಿ ಕಾಲು ನೆಟ್ಟಗೆ ಮಾಡಿಕೊಂಡು ಇಳಿದ.

ಕೆಲಸವನ್ನು ಅವನು ನೆಟ್ಟಗೆ ನೋಡಲೂ ಇಲ್ಲ. ತಾನೇ ಹೊಡೆದ ಮಗುವಿನ ಮುಖ ನೋಡಿದ ಹಾಗಾದೀತೆಂದು ದೂರದಿಂದಲೇ ಕಣ್ಣಾಡಿಸಿದ. ಬಾಗಿಲ ಮೇಲೆ ಬಿದ್ದಿದ್ದ ಟ್ಯೂಬ್‌ಲೈಟಿನ ಗೆರೆ ಒಂದು ಕಡೆ ಸೊಟ್ಟಗಿತ್ತು. ಅಷ್ಟು ಸಾಕು.

"ಅಯ್ಯೋ ಮೇಡಂ, ಇಲ್ಲೊಂದು ಡೆಂಟ್ ಇದೆಯಲ್ಲ!" ಎಂದು ಅಭ್ಯಾಸ ಮಾಡಿದ ಮುಖ ಹಾಕಿದ.

ಸೇಲ್ಸ್‌ನವಳು ಬಗ್ಗಿ ನೋಡಿದಳು. "ಎಲ್ಲಿ ಸರ್?"

"ಇಲ್ಲಿ."

"ಇದಾ? ಇದು ನನ್ ನೆರಳು ಸರ್."

ಇಲ್ಲಿ ಅವನ ಪರಿಪೂರ್ಣ ಅಪರಾಧಕ್ಕೆ ಮೊದಲ ತೊಂದರೆ ಎದುರಾಯಿತು. ಅದು ಅತಿಯಾಗಿ ಪರಿಪೂರ್ಣವಾಗಿತ್ತು. ಹಿಂಸೆ ಮಾಡಲು ಮನಸ್ಸಿಲ್ಲದೆ ಅವನು ಎಷ್ಟು ಸಣ್ಣದಾಗಿ ಮಾಡಿದ್ದನೆಂದರೆ ಅದು ಅವನ ಹೊರತು ಇನ್ಯಾರಿಗೂ ಕಾಣುತ್ತಿರಲಿಲ್ಲ. ಕಳ್ಳತನ ಮಾಡಿದವನೇ ಊರೆಲ್ಲಾ ತಿರುಗಿ, ಕಳ್ಳತನವಾಗಿದೆ, ದಯವಿಟ್ಟು ನಂಬಿ ಎಂದು ಬೇಡಿಕೊಳ್ಳುವ ಸ್ಥಿತಿ. ಮ್ಯಾನೇಜರು ಬಂದರು. ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಕೊನೆಗೆ ಅವನು ಮ್ಯಾನೇಜರನ್ನು ಬಾಗಿಲ ಪಕ್ಕ ಓರೆಯಾಗಿ ನಿಲ್ಲಿಸಿ, "ಆ ಲೈಟಿನ ಗೆರೆ ನೋಡಿ ಸಾರ್, ಹಾಗೇ ಬನ್ನಿ, ಬನ್ನಿ, ಹಾಂ! ಅಲ್ಲಿ ಸೊಟ್ಟ ಆಯ್ತಾ?" ಎಂದ.

"ಆಯ್ತು," ಎಂದರು ಮ್ಯಾನೇಜರು. ಅವರ ಮುಖವೂ ಸೊಟ್ಟಗಾಯಿತು. "ಫ್ಯಾಕ್ಟರಿಯಿಂದ ಬರುವಾಗ ಲಾರೀಲಿ ಏನೋ ತಗುಲಿರ್ಬೇಕು. ಛೆ. ನಿಮ್ ಕಣ್ಣು ಭಾರಿ ಕಣ್ಣು ಸರ್."

"ಹಾಗೇನಿಲ್ಲ," ಎಂದ ಅವನು. ವಿನಯ ಅಭ್ಯಾಸವಿಲ್ಲದೆಯೂ ಬಂತು.

ಮುಂದಿನದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ನಡೆಯಿತು. ಇದನ್ನು ಇನ್ನೊಬ್ಬರಿಗೆ ಮಾರುವುದು ಕಷ್ಟ, ಪಾಪ, ನಿಮಗೂ ತಲೆನೋವು, ಕಂಪನಿ ಬೆಲೆಗೆ ಕೊಡುವುದಾದರೆ ನಾವು ಹೇಗೋ ಹೊಂದಿಕೊಳ್ಳುತ್ತೇವೆ ಎಂದ. ಹೊಂದಿಕೊಳ್ಳುತ್ತೇವೆ ಎಂಬ ಪದವನ್ನು ಬೇಕೆಂದೇ ಬಳಸಿದ. ಮ್ಯಾನೇಜರು ಗಲ್ಲ ಕೆರೆದುಕೊಂಡರು. ಅವನು ಸಂಜೆ ಕಾಲೇಜಿನ ಆಯುಧ ತೆಗೆದು, ಬಾಯಿ ಮುಚ್ಚಿ ನಿಂತ. ಈ ಸಲ ಅದು ಕೆಲಸ ಮಾಡಿತು.

"ಆಯ್ತು ಸರ್. ಹೊಂದಾಣಿಕೆ ಮೊತ್ತ ಬಿಡ್ತೀನಿ. ಲೇಪನಾನೂ ಬಿಡ್ತೀನಿ."

ಹೆಂಡತಿ ಅವನನ್ನು ನೋಡಿದ ರೀತಿಯನ್ನು ಅವನು ಮದುವೆಯಾದ ಹೊಸದರಲ್ಲೂ ಕಂಡಿರಲಿಲ್ಲ. ಷಡ್ಡಕನ ಹೆಂಡತಿಗೆ ಈಗಲೇ ಫೋನು ಮಾಡುವವಳಂತೆ ಅವಳ ಕೈ ಚೀಲದೊಳಗೆ ಹೋಯಿತು. ಮನೆಯ ಮುಂದಿನ ಕೋಣೆಯಲ್ಲಿ ಮೋಟಾರಿನ ಮಿಷನ್ ಗುಂಯ್ಗುಡುವುದು ಅವನಿಗೆ ಕೇಳಿಸಿಯೇಬಿಟ್ಟಿತು.

ಮ್ಯಾನೇಜರು ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದರು. "ಎಲ್ಲಿ, ನನ್ ಮಿಷನ್ ಉಳಿಸಿದ ಡೆಂಟನ್ನ ನಾನೂ ನೋಡ್ತೀನಿ," ಎಂದು ಹೆಂಡತಿ ಬಾಗಿಲ ಹತ್ತಿರ ಬಂದಳು. ಟ್ಯೂಬ್‌ಲೈಟಿನ ಗೆರೆ ಅವಳಿಗೆ ತಿಳಿಯಲಿಲ್ಲ. ಹೊಲಿದು ಮುಗಿಸಿದ ಬಟ್ಟೆಯ ಮೇಲೆ ಆಡಿಸುವಂತೆ ಅಂಗೈಯನ್ನು ಬಾಗಿಲ ಮೇಲೆ ಆಡಿಸಿದಳು. ಕೈ ಹೋಯಿತು, ನಿಂತಿತು, ಹಿಂದಕ್ಕೆ ಬಂತು. "ರೀ, ಇದು ನೆಗ್ಗಲ್ಲ ಕಣ್ರೀ, ಕೈಗೆ ಮೇಲೇಳುತ್ತೆ. ಉಬ್ಬು. ಯಾರೋ ಒಳಗಿಂದ ಹೊರಗೆ ತಳ್ಳಿದ ಹಾಗಿದೆ." ಇಪ್ಪತ್ತು ವರ್ಷದಿಂದ ಅವನ ಕೈ ತಗಡನ್ನು ಒಳಗಿನಿಂದ ಹೊರಕ್ಕೆ ಮಾತ್ರ ಒತ್ತಿತ್ತು, ನೆಗ್ಗು ತೆಗೆಯುವುದು ಹಾಗೆಯೇ, ಆದರೆ ನೆಗ್ಗು ಮಾಡಲು ಒತ್ತಬೇಕಾದ ದಿಕ್ಕು ಬೇರೆ ಎಂದು ಕೈಗೆ ಹೇಳುವುದನ್ನು ತಲೆ ಮರೆತಿತ್ತು. ಮ್ಯಾನೇಜರು ತಾವೂ ಅಂಗೈ ಇಟ್ಟು ನೋಡಿದರು. ಇಳಿಸಿದ್ದ ಗಾಜನ್ನು ನೋಡಿದರು, ಆಮೇಲೆ ಅವನ ನೆಟ್ಟನೆಯ ಬಲಗಾಲನ್ನು. ಅಷ್ಟರಲ್ಲಿ ಹೆಂಡತಿಯೂ ಅದೇ ಕಾಲನ್ನು ನೋಡುತ್ತಿದ್ದಳು, ಅವಳ ಇನ್ನೊಂದು ಕೈ ನಿಧಾನವಾಗಿ ಚೀಲದಿಂದ ಹೊರಗೆ ಬಂತು, ಫೋನಿಲ್ಲದೆ. ಮ್ಯಾನೇಜರು ಪೆನ್ನಿಗೆ ಮತ್ತೆ ಮುಚ್ಚಳ ಹಾಕಿ, ಒಂದು ಕುರ್ಚಿ ಎಳೆದು ತಂದು ಅವನ ಮುಂದೆ ಇಟ್ಟರು. "ಕಾರಲ್ಲಿ ಆರಾಮಾಗಿ ಕೂತಿದ್ರಲ್ಲ ಸರ್," ಎಂದರು. "ಇಲ್ಲೂ ಸ್ವಲ್ಪ ಕೂತ್ಕೊಳ್ಳಿ."