ನೀರಿನ ಮಿಮಿಕ್ರಿ

ಬೈಕಿನ ಮುಳ್ಳು ಎಂಬತ್ತು ದಾಟಿತ್ತು. ನಾಲೆಯ ಏರಿ ಅಗಲ ಮೂರೇ ಅಡಿ. ಎಡಕ್ಕೆ ಜಾರಿದರೆ ಹತ್ತಿ ಹೊಲ. ಬಲಕ್ಕೆ ಜಾರಿದರೆ ಹದಿನೈದು ಅಡಿ ಕೆಳಗೆ ಕಾಂಕ್ರೀಟ್.

ಹತ್ತು ಐವತ್ತೊಂದು. ಹನ್ನೊಂದಕ್ಕೆ ಗೇಟ್ ಏಳುತ್ತದೆ.

ನಾಲೆಯೊಳಗೆ ಭಗವಂತರಾಯ, ಅವನ ಹೆಂಡತಿ ಶೇಖಮ್ಮ, ನೂರಿಪ್ಪತ್ತು ಕುರಿ. ಉಣ್ಣೆ ಕತ್ತರಿಸುವ ಮುಂಚೆ ಕುರಿ ತೊಳೆಯಬೇಕಲ್ಲ, ಅದಕ್ಕೆ ಇಳಿದಿದ್ದರು. ನೀರು ನಿಂತಾಗ ಸೇತುವೆ ಕೆಳಗೆ ಉಳಿಯುವ ಗುಂಡಿಯಷ್ಟು ಒಳ್ಳೆ ಜಾಗ ದೋರನಹಳ್ಳಿ ಸುತ್ತ ಇನ್ನೊಂದಿಲ್ಲ. ಮೇಲೆ ಬರಲು ಮೆಟ್ಟಿಲು ಒಂದೇ ಕಡೆ. ಕುರಿಗಳು ಒಂದರ ಹಿಂದೆ ಒಂದು ಹತ್ತಬೇಕು.

ಅವರು ಇಳಿಯುವುದನ್ನು ಬೆಳಿಗ್ಗೆ ನಾನೇ ನೋಡಿದ್ದೆ. ಶಹಾಪುರದಲ್ಲಿ ಚಹಾ ಕುಡಿಯುವಾಗ ಮೊಬೈಲಿಗೆ ನೀರಾವರಿ ಇಲಾಖೆಯ ಮೆಸೇಜ್ ಬಂತು. ನಾಳೆ ಬಿಡಬೇಕಿದ್ದ ನೀರು ಇವತ್ತು ಹನ್ನೊಂದಕ್ಕೆ. ಮೇಲೆ ಮಳೆ ಜಾಸ್ತಿಯಾಯಿತಂತೆ. ಗೇಟು ನಡೆಸುವ ಸಾಫ್ಟ್‌ವೇರ್ ತಾನೇ ಲೆಕ್ಕ ಹಾಕಿ ತಾನೇ ತೀರ್ಮಾನಿಸಿತ್ತು.

ಭಗವಂತರಾಯನ ಹತ್ತಿರ ಫೋನಿಲ್ಲ.

ಬೈಕ್ ಓಡಿಸುತ್ತಲೇ ಕಂಟ್ರೋಲ್ ರೂಮಿಗೆ ಫೋನ್ ಹಚ್ಚಿದೆ. ನಜೀಮಾ ಎತ್ತಿದಳು. ಅಲ್ಲಿ ಸ್ಕ್ರೀನ್ ಕಾಯುವುದು ಅವಳ ಡ್ಯೂಟಿ. ಅವಸರದಲ್ಲಿ ಕಂಡವರ ದನಿ ಅಣಕಿಸುವ ನನ್ನ ಹಾಳು ಅಭ್ಯಾಸ ಕೆಲಸ ಮಾಡಿತು. ಬಾಯಿಂದ ಎಂಜಿನಿಯರ್ ಸಾಹೇಬರ ದನಿ ಹೊರಟಿತು.

"ನಜೀಮಾ, ಗೇಟ್ ನಿಲ್ಲಿಸಮ್ಮ. ತಕ್ಷಣ."



"ಸಾಹೇಬ್ರಿಗಿ ಗಂಟಲ ಆಪರೇಶನ್ ಆಗ್ಯಾದ. ಒಂದ್ ವಾರದಿಂದ ಮಾತ ಇಲ್ಲ. ನೀವು ಅಜೀಮ ಭಾಯ್ ಅಲ್ಲೇನ್ರಿ?"

ಸತ್ತೆ.

ನನ್ನ ದನಿಯಲ್ಲಿ ಹೇಳಿದೆ. ನಮ್ಮ ದಖ್ಖನಿ ಉರ್ದುವಿನಲ್ಲಿ ಬೇಡಿಕೊಂಡೆ. ಅವಳು ಕನ್ನಡ ಬಿಡಲಿಲ್ಲ.

"ಫೋನಿನ ಮಾತಿಗಿ ಗೇಟ್ ಮುಟ್ಟಬಾರದು ಅಂತ ರೂಲ್ ಅದ. ಯಾರ ಸಲುವಾಗಿ ಬಂದದ್ದು ಆ ರೂಲ್, ನಿಮಗ ಗೊತ್ತದ."

ಗೊತ್ತು. ನನ್ನ ಸಲುವಾಗಿ.

ಮೊದಲು ಈ ಗೇಟು ಬಸವಣ್ಣನ ಕೈಯಲ್ಲಿತ್ತು. ನೀರು ಬಿಡುವ ಮುಂಚೆ ಸೈಕಲ್ ಹತ್ತಿ ಏರಿಯುದ್ದಕ್ಕೂ ಹೋಗುತ್ತಿದ್ದ. ರಬ್ಬರ್ ಹಾರ್ನ್ ಒತ್ತುತ್ತ... ಪೊಂಪ್, ಪೊಂಪ್. ಒಗೆಯುವವರು, ಕುರಿಯವರು ಎಲ್ಲ ಮೇಲೆ ಬಂದ ಮೇಲೇ ಗೇಟಿಗೆ ಕೈ. ನಾನೋ, ನಾಲೆಯ ಕೆಳಗಿನ ದೊಡ್ಡ ಹೊಲದವರಿಗಾಗಿ ಸಾಹೇಬರ ದನಿಯಲ್ಲಿ ಫೋನ್ ಮಾಡುತ್ತಿದ್ದೆ. "ಬಸವಣ್ಣ, ಮೂರಿಂಚು ಎತ್ತು." ಪಾಪ, ಎತ್ತುತ್ತಿದ್ದ. ಗುಟ್ಟು ಹೊರಬಿದ್ದಾಗ ಅವನನ್ನು ಯಾದಗಿರಿಗೆ ಎತ್ತಿಹಾಕಿ ಗೇಟನ್ನು ಸಾಫ್ಟ್‌ವೇರಿಗೆ ಕೊಟ್ಟರು. ಮೀಟಿಂಗಿನಲ್ಲಿ ಯಾರೋ ಹೇಳಿದರಂತೆ, ಮನುಷ್ಯನ ಕಿವಿ ಮೋಸ ಹೋಗುತ್ತದೆ, ಸಾಫ್ಟ್‌ವೇರಿಗೆ ಕಿವಿಯೇ ಇಲ್ಲ ಎಂದು.

ನಿಜ. ಇಲ್ಲ.

ಹತ್ತು ಐವತ್ತೇಳು. ಸೇತುವೆ. ಕೆಳಗೆ ಬಿಳಿ ಕರಿ ಕುರಿಗಳ ಗದ್ದಲ.

"ಭಗವಂತರಾಯ, ಮ್ಯಾಲ ಬಾ. ನೀರ ಬರ್ತದ."

ಅವನು ತಲೆ ಎತ್ತಿ ನಕ್ಕ. "ಪೊಂಪ್ ಕೇಳಲಿಲ್ಲಲ್ಲ ಮಾಮಾ."

"ಬಸವಣ್ಣ ಹೋಗಿ ಎರಡು ವರ್ಷ ಆತಲ್ಲೋ."

"ಅವನ ಜಾಗಾಕ ಯಾರರ ಬಂದಿರಬೇಕಲ್ಲ. ಮಂದಿ ಅದಾರಿಲ್ಲೋ ನೋಡದ ಯಾರ ನೀರ ಬಿಡ್ತಾರ?"

ಬಾಯಿಂದಲೇ ಹಾರ್ನ್ ಹೊಡೆದೆ. ಪೊಂಪ್, ಪೊಂಪ್. ಥೇಟ್ ಬಸವಣ್ಣನದೇ. ಶೇಖಮ್ಮ ಸೊಂಟದ ಮೇಲೆ ಕೈ ಇಟ್ಟಳು.

"ಹೋದ ವರ್ಷಾನೂ ಹಿಂಗ ಮಾಡಿ ನಮ್ಮನ್ನ ಹತ್ತಿಸಿ ನಗಾಡಿದ್ದಿ. ಸೈಕಲ್ ತೋರ್ಸು, ಬರ್ತೀವಿ."

ಒಬ್ಬರೂ ನಂಬಲಿಲ್ಲ. ಹದಿನೈದು ವರ್ಷದ ನನ್ನ ಗಳಿಕೆ ಇಷ್ಟು.

ಹನ್ನೊಂದು. ಇನ್ನೂರು ಮೀಟರ್ ಮೇಲೆ ಗೇಟಿನ ಮೋಟರ್ ಗುರ್ ಎಂದಿತು. ಕಬ್ಬಿಣ ಒಂದಡಿ ಎದ್ದಿತು. ಮಣ್ಣುಬಣ್ಣದ ನೀರು ಮೊಣಕಾಲೆತ್ತರಕ್ಕೆ ನುಗ್ಗಿತು. ಕುರಿಗಳು ಒಂದರ ಮೇಲೊಂದು ಬಿದ್ದವು. ಭಗವಂತರಾಯನ ನಗು ನಿಂತಿತು.

ಸೇತುವೆಯ ಕಟಾಂಜನದಿಂದ ಒಂದು ಪೈಪು ನಾಲೆಯ ಮೇಲೆ ಚಾಚಿಕೊಂಡಿದೆ. ತುದಿಗೆ ಒಂದು ಡಬ್ಬಿ. ಸೆನ್ಸರ್. ಕೆಳಗೆ ನೋಡುತ್ತ, ನೀರು ತನಗೆ ಎಷ್ಟು ಹತ್ತಿರ ಬಂತೆಂದು ಅಳೆಯುವುದೇ ಅದರ ಕೆಲಸ. ಕೂರಿಸಿದ ದಿನ ಕಂಪನಿಯ ಹುಡುಗರು ಅದರ ಕೆಳಗೆ ತಟ್ಟೆ ಹಿಡಿದು ಪರೀಕ್ಷೆ ಮಾಡಿದ್ದನ್ನು ನೋಡಿದ್ದೆ.

ಸೇತುವೆಯ ಮೇಲೆ ಶೇಖಮ್ಮನ ಬುತ್ತಿ ಗಂಟು. ಬಿಚ್ಚಿದೆ. ರೊಟ್ಟಿ ಚೆಲ್ಲಿದೆ. ಸ್ಟೀಲಿನ ತಾಟು ಹಿಡಿದು ಪೈಪಿನ ಮೇಲೆ ಕುದುರೆ ಹತ್ತಿದ ಹಾಗೆ ಕುಳಿತೆ. ಡಬ್ಬಿಯ ಕೆಳಗೆ ತಾಟು ಚಾಚಿದೆ.

ಇಷ್ಟು ದಿನ ಮನುಷ್ಯರ ಮಿಮಿಕ್ರಿ ಮಾಡಿದ್ದೆ. ಈಗ ನೀರಿನದು.

ಮೋಟರ್ ನಿಂತಿತು. ಗೇಟು ಒಂದಡಿಗೇ ತಡೆಯಿತು, ನೀರು ಮೊಣಕಾಲಿಗೇ.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ನಜೀಮಾ. ಸ್ಪೀಕರ್ ಒತ್ತಿದೆ.

"ನಾಲಿ ತುಂಬ್ಯಾದ ಅಂತ ತೋರಿಸಲಾಕತ್ತದ. ಒಂದ ಸೆಕೆಂಡಿಗಿ ನಾಲಿ ತುಂಬತದೇನ್ರಿ? ಏನ್ ಮಾಡಾಕತ್ತೀರಿ ಅಲ್ಲಿ?"

"ತಾಟ ಹಿಡಿದೀನಿ. ಕೆಳಗ ಮಂದಿ ಅದಾರ ತಾಯಿ."

"ಸೆನ್ಸರ್ ಕೆಟ್ಟಿರಬಹುದು, ಅದನ್ನ ಲೆಕ್ಕಕ್ಕ ಹಿಡೀದ ನೀರ ಬಿಡಲೇನು ಅಂತ ಸಾಫ್ಟ್‌ವೇರ್ ಕೇಳಲಾಕತ್ತದ. ಒಂದ ನಿಮಿಷ ಟೈಮ್. ನಾ ಸುಮ್ನಿದ್ರ ಅದ ಬಿಡತದ."

"ಬ್ಯಾಡ ಅನ್ನು."

"ಕೆಳಗಿನ ಊರಿನವ್ರು ನೀರಿಗಾಗಿ ಕಾಯಾಕತ್ತಾರ. ನೀವು ಸುಳ್ಳ ಹೇಳಿದ್ರ ನನ್ನ ನೌಕರಿ ಹೋಗ್ತದ. ಇದು ಯಾರ ದನಿ, ಭಾಯ್?"

"ನಂದ. ಕುರಿ ದನಿ ಕೇಳವಲ್ದೇನು?"

"ಕುರಿ ದನೀನೂ ನೀವ ಮಾಡ್ತೀರಿ. ನಮ್ಮ ಅಕ್ಕನ ಮದುವ್ಯಾಗ ಮಾಡೀರಿ."

ನಲವತ್ತು ಸೆಕೆಂಡ್ ಹೋಗಿತ್ತು. ಕೆಳಗೆ ಗಂಡ "ಮೆಟ್ಟಿಲಿಗಿ ಹೊಡಿ" ಎನ್ನುತ್ತಿದ್ದ, ಹೆಂಡತಿ "ಮರಿ ಹಿಡೀರಿ" ಎನ್ನುತ್ತಿದ್ದಳು, ನೂರಿಪ್ಪತ್ತು ಗಂಟಲು ಒಟ್ಟಿಗೆ ಒದರುತ್ತಿದ್ದವು. ಹೊಳೆಯಿತು.

"ನಜೀಮಾ, ನಾ ಮಾತಾಡ್ತಾ ಇರ್ತೀನಿ. ನನ್ನ ಮಾತಿನ ಹಿಂದ ಏನ್ ಕೇಳ್ತದ, ಅಷ್ಟ ಕೇಳು. ಗಂಡಸು, ಹೆಂಗಸು, ಕುರಿ, ನಾನು... ಎಲ್ಲಾ ಒಮ್ಮಿಗೇ. ನನಗಿರೋದು ಒಂದ ಬಾಯಿ."

ಆ ಕಡೆ ಕೀಬೋರ್ಡಿನ ಒಂದು ಟಕ್.

"ಬ್ಯಾಡ ಅಂದೆ. ಮತ್ತ ಕೇಳಾಕತ್ತದ. ತಾಟ ಇಳಿಸಬ್ಯಾಡ್ರಿ."

ನಿಮಿಷಕ್ಕೊಮ್ಮೆ ಅದು ಕೇಳಿತು. ನಿಮಿಷಕ್ಕೊಮ್ಮೆ ಅವಳು ಬೇಡ ಎಂದಳು. ಮೂವತ್ತೆಂಟು ಸಲ. ಮರಿಯೊಂದನ್ನು ಎದೆಗವಚಿ ಶೇಖಮ್ಮ ಕೊನೆಯ ಮೆಟ್ಟಿಲು ಹತ್ತಿದ ಮೇಲೆ ತಾಟು ಇಳಿಸಿದೆ. ಮೋಟರ್ ಮತ್ತೆ ಗುರ್ ಎಂದಿತು. ಅರ್ಧ ಗಂಟೆಯಲ್ಲಿ ಮೆಟ್ಟಿಲು ಕಾಣಲಿಲ್ಲ.

ಶೇಖಮ್ಮ ನನ್ನ ಕೈಯಲ್ಲಿದ್ದ ತಾಟು ನೋಡಿದಳು. "ರೊಟ್ಟಿ ಯಾಕ ಚೆಲ್ಲಿದಿ?" ಎಂದಳು. ಆಮೇಲೆ ಕುಳಿತು ಅತ್ತಳು.

ಸೆನ್ಸರಿನ ಸುತ್ತ ಈಗ ಜಾಲರಿ ಹಾಕಿದ್ದಾರೆ. ಮೆಟ್ಟಿಲ ಹತ್ತಿರ ಇನ್ನೂ ಒಂದು ಹಾರ್ನೂ ಹಾಕಿಲ್ಲ. ನನಗೆ ನೋಟಿಸ್ ಬಂದಿದೆ.

ಹದಿನೈದು ವರ್ಷ ಮನುಷ್ಯರಿಗೆ ಸುಳ್ಳು ಹೇಳಿದೆ, ಒಂದು ಕೇಸೂ ಬೀಳಲಿಲ್ಲ. ಡಬ್ಬಿಗೆ ಒಂದೇ ಸಲ ಹೇಳಿದೆ. ಸೋಮವಾರ ಕೋರ್ಟು.